17 ಅಡಿ ಹಳೆ ಫೈಬರ್ ಬೋಟ್: ಟ್ರಾನ್ಸಮ್ ಮೆತ್ತಗಾಗಿದೆ, ಕೆಲಸ ಎಲ್ಲಿಂದ ಶುರು ಮಾಡಬೇಕು?

(ಬೋಟ್ ರಿಪೇರಿ ವೇದಿಕೆಯ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಬರೆದವರ ಬಳಕೆ ಹೆಸರು.)

ಶರಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಹೊನ್ನಾವರ ಕಡೆ ಅಳಿವೆಯಲ್ಲಿ ಓಡಿಸುವುದಕ್ಕೆ ಒಂದು ತೆರೆದ ಫೈಬರ್ ಬೋಟ್ ಇದೆ. ಉದ್ದ 17 ಅಡಿ, ಅಗಲ 6 ಅಡಿ, 90ರ ದಶಕದ್ದು. 40 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್, ಲಾಂಗ್ ಶಾಫ್ಟ್ (ಬೋಟ್ ಹಿಂದೆ ಹೊರಗಡೆ ಬಿಗಿಯುವ ಉದ್ದ ಕಾಲಿನ ಎಂಜಿನ್). ಕೆಲವು ವರ್ಷ ತೋಟದಲ್ಲಿ ಟಾರ್ಪಾಲಿನ ಅಡಿ ಕೂತಿತ್ತು.

ಈಗಿನ ಸ್ಥಿತಿ: ನಡುವೆ ಕಾಲಿಟ್ಟರೆ ನೆಲ ಕುಸಿಯುತ್ತದೆ. ಎಂಜಿನ್ ಕೂರುವ ಹಿಂಬದಿ ಗೋಡೆಯಲ್ಲಿ, ಅಂದರೆ ಟ್ರಾನ್ಸಮ್‌ನಲ್ಲಿ, ಬೋಲ್ಟ್ ತೂತುಗಳಿಂದ ಕಂದು ನೀರು ಒಸರುತ್ತದೆ. ಹೊರಮೈಯ ಹೊಳಪು ಪದರ, ಅಂದರೆ ಜೆಲ್‌ಕೋಟ್, ಮುಟ್ಟಿದರೆ ಪುಡಿ ಕೈಗೆ ಹತ್ತುತ್ತದೆ. ಅಲ್ಲಲ್ಲಿ ಬಿರುಕು.

ಜೂನ್, ಜುಲೈ ಖಾಲಿ ಸಮಯ. ಅಷ್ಟರಲ್ಲಿ ಮನೆಯಲ್ಲೇ ಮುಗಿಸಬಹುದೇ? ಈ ವರ್ಷ ಬಣ್ಣ ಹೊಡೆದು ನೀರಿಗಿಳಿಸಿ, ಟ್ರಾನ್ಸಮ್ ಕೆಲಸ ಮುಂದಿನ ವರ್ಷಕ್ಕೆ ಇಟ್ಟುಕೊಂಡರೆ ಆದೀತೇ? ಫೈಬರ್ ಹಾಕಲು ರೆಸಿನ್, ಅಂದರೆ ಗಟ್ಟಿಯಾಗುವ ಅಂಟು ದ್ರವ, ಪಾಲಿಯೆಸ್ಟರ್ ಸಾಕಾ, ಇಪಾಕ್ಸಿ ಬೇಕಾ?

ಮ್ಯಾಟ್ ಮತ್ತು ರೆಸಿನ್

ಮೊದಲು ಬಣ್ಣ, ಆಮೇಲೆ ಟ್ರಾನ್ಸಮ್ ಅನ್ನುವುದು ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ದಯವಿಟ್ಟು ಬೇಡ. ಫೈಬರ್ ಕೊಳೆಯುವುದಿಲ್ಲ, ಫೈಬರಿನ ಒಳಗಿರುವ ಪ್ಲೈವುಡ್ ಕೊಳೆಯುತ್ತದೆ. ಕಂದು ನೀರು ಬರುತ್ತಿದೆ ಅಂದರೆ ಎರಡು ಪದರ ಫೈಬರಿನ ನಡುವಿನ ಮರ ನೀರಿನಲ್ಲಿ ನೆನೆದು ಕೂತಿದೆ. ಹೊರಗಿಂದ ಪುಟ್ಟಿ, ಬಣ್ಣ ಹಾಕಿ ಮುಚ್ಚಿದರೆ ಆ ನೀರಿಗೆ ಹೊರಗೆ ಬರುವ ದಾರಿಯೂ ಇರುವುದಿಲ್ಲ, ಕೊಳೆತ ಇನ್ನೂ ಬೇಗ ಹರಡುತ್ತದೆ.

ಬಿಚ್ಚುವ ಮೊದಲು ತೊಂದರೆ ಎಷ್ಟು ದೂರ ಹೋಗಿದೆ ಎಂದು ನೋಡಿ. ಎಂಜಿನ್ ಇನ್ನೂ ಮೇಲಿದ್ದರೆ ಅದರ ಕೆಳಭಾಗ ಹಿಡಿದು ಮೇಲಕ್ಕೆತ್ತಿ, ಇಳಿಸಿ. ಇನ್ನೊಬ್ಬರು ಟ್ರಾನ್ಸಮ್ ಮೇಲಂಚಿನ ಹತ್ತಿರ ಸ್ಕೇಲ್ ಹಿಡಿದು ನೋಡಲಿ. ಅಂಚು 2–3 ಮಿ.ಮೀ. ಅಲ್ಲಾಡಿದರೂ ಒಳಗಿನ ಮರ ಹೋಗಿದೆ.

ಆಮೇಲೆ ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದ ಅಥವಾ ನಾಣ್ಯದಿಂದ ಅಂಗೈ ಅಗಲದ ಅಂತರದಲ್ಲಿ ಬಡಿಯುತ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಜಾಗ ಡಬ್ ಅನ್ನುತ್ತದೆ. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಕೊನೆಗೆ ಒಳಗಡೆಯಿಂದ 6 ಮಿ.ಮೀ. ಬಿಟ್‌ನಲ್ಲಿ ತೂತು ಕೊರೆಯಿರಿ, ಹೊರಗಿನ ಫೈಬರ್ ತಾಗದ ಹಾಗೆ ಬಿಟ್ ಮೇಲೆ ಟೇಪ್ ಸುತ್ತಿ ಆಳ ಗುರುತಿಟ್ಟುಕೊಂಡು. ಹೊರಬರುವ ಹುಡಿ ಒಣಗಿ ತಿಳಿ ಬಣ್ಣದಲ್ಲಿದ್ದರೆ ಮರ ಚೆನ್ನಾಗಿದೆ. ಕಪ್ಪಗೆ, ಒದ್ದೆಯಾಗಿ, ಬೆರಳಲ್ಲಿ ಹಿಂಡಿದರೆ ನೀರು ಬರುವಂತಿದ್ದರೆ ಆ ಭಾಗ ತೆಗೆಯಲೇಬೇಕು. ಹೆಚ್ಚಿನ ಬೋಟ್‌ಗಳಲ್ಲಿ ಕೆಳಗಿನ ಡ್ರೈನ್ ಪ್ಲಗ್ ಸುತ್ತ ಮತ್ತು ಎಂಜಿನ್‌ನ ಕೆಳಗಿನ ಎರಡು ಬೋಲ್ಟ್ ಸುತ್ತ ಮೊದಲು ಕೊಳೆಯುತ್ತದೆ.

ಓಬಿಎಂ ಬೆಂಚ್

ಮುಂದಿನ ವರ್ಷಕ್ಕೆ ಬಿಡುವ ಯೋಚನೆ ಯಾಕೆ ಅಪಾಯ ಎಂದರೆ, 40 ಎಚ್‌ಪಿ ಎಂಜಿನ್ 70 ಕಿಲೋ ಮೇಲೇ ತೂಗುತ್ತದೆ. ಬರಿಯ ತೂಕವಾದರೆ ತಡೆಯಬಹುದು. ಆದರೆ ಪ್ರೊಪೆಲ್ಲರ್ ತಳ್ಳುವುದು ಟ್ರಾನ್ಸಮ್ ಮೇಲಂಚಿನಿಂದ ಎರಡು ಅಡಿಗೂ ಕೆಳಗೆ. ಆ ತಳ್ಳು ಟ್ರಾನ್ಸಮ್ಮನ್ನು ಮೀಟುತ್ತದೆ: ಮೇಲಂಚು ಹಿಂದಕ್ಕೆ ಬಾಗುತ್ತದೆ, ಕೆಳಭಾಗ ಒಳಕ್ಕೆ ಒತ್ತುತ್ತದೆ. ಅಲೆಯ ಮೇಲೆ ಬೋಟ್ ಎಗರಿ ಬಿದ್ದಾಗ ಇನ್ನೂ ಜಾಸ್ತಿ. ಅಳಿವೆ ಬಾಯಿಯಲ್ಲಿ ಟ್ರಾನ್ಸಮ್ ಕಿತ್ತು ಬಂದರೆ ಎಂಜಿನ್ ಹೋಗುವುದಲ್ಲದೆ ಹಿಂದಿನಿಂದ ನೀರು ನುಗ್ಗುತ್ತದೆ. ಇದರಲ್ಲಿ ರಾಜಿ ಬೇಡ.

ಗಂಗೊಳ್ಳಿ ಕಡಲು

ಮಳೆಗಾಲದ ವಿಷಯ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ನಮ್ಮ ಬಂದರುಗಳಲ್ಲಿ ರಿಪೇರಿ ಎಲ್ಲ ಆಗಲೇ ನಡೆಯುತ್ತದೆ. ಅದನ್ನು ನೋಡಿ ಫೈಬರ್ ಕೆಲಸಕ್ಕೂ ಅದೇ ಕಾಲ ಅಂದುಕೊಳ್ಳಬೇಡಿ. ಎಂಜಿನ್, ವೈರಿಂಗ್, ಹಳೆ ಮರ ಕೀಳುವುದು, ಉಜ್ಜುವುದು ಮಳೆಗಾಲದಲ್ಲಿ ಮಾಡಬಹುದು. ರೆಸಿನ್ ಹಚ್ಚುವುದು ಮಾತ್ರ ಬೇಡ.

ಕಾರಣ ಎರಡು. ಮರವಾಗಲಿ, ಬಿಚ್ಚಿದ ಹಳೆ ಫೈಬರಾಗಲಿ ಆ ಗಾಳಿಯಲ್ಲಿ ಒಣಗುವುದೇ ಇಲ್ಲ, ಮ್ಯಾಟ್ (ಗಾಜಿನ ಎಳೆಗಳ ಹಾಸು) ಕೂಡ ಸುರುಳಿಯಲ್ಲೇ ತೇವ ಹೀರುತ್ತದೆ. ತೇವದ ಮ್ಯಾಟ್‌ಗೆ ರೆಸಿನ್ ಹಾಕಿದರೆ ಬೆಳ್ಳಗೆ ಮಂಜಿನಂತೆ ಕಾಣುತ್ತದೆ, ಆ ಜಾಗ ಜೀವನಪೂರ್ತಿ ಸಡಿಲ. ಎರಡನೆಯದು, ಇಪಾಕ್ಸಿ ಒದ್ದೆ ಗಾಳಿಯಲ್ಲಿ ಗಟ್ಟಿಯಾಗುವಾಗ ಮೇಲೆ ಮೇಣದಂಥ ಅಂಟು ಪೊರೆ ಬರುತ್ತದೆ. ಅದನ್ನು ತೊಳೆಯದೆ ಮುಂದಿನ ಪದರ ಹಾಕಿದರೆ ಪದರ ಹಿಡಿಯುವುದಿಲ್ಲ.

ಈಗ ಬಿಚ್ಚಿ, ಮಳೆ ಹೋದ ಮೇಲೆ ಒಣಗಲು ಬಿಡಿ, ಡಿಸೆಂಬರ್‌ನಿಂದ ಮಾರ್ಚ್ ನಡುವೆ ಫೈಬರ್ ಹಾಕಿ. ಆಗಲೂ ಬೆಳಿಗ್ಗೆ ಇಬ್ಬನಿ ಇರುತ್ತದೆ. ಹತ್ತು ಗಂಟೆಯ ಮೇಲೆ ಶುರು ಮಾಡಿ ಮೂರು, ನಾಲ್ಕಕ್ಕೆ ಮುಗಿಸಿ. ನೂರಿನ್ನೂರು ರೂಪಾಯಿಯ ತೇವಾಂಶ ಮಾಪಕ ಒಂದನ್ನು ಚಪ್ಪರದಲ್ಲಿ ತೂಗುಹಾಕಿ, 75% ಮೇಲಿದ್ದರೆ ಆ ದಿನ ರೆಸಿನ್ ಡಬ್ಬಿ ತೆಗೆಯಬೇಡಿ.

ಟಾರ್ಪಾಲನ್ನು ಬೋಟ್ ಮೈಗೆ ತಾಗಿಸಿ ಹೊದೆಸಬೇಡಿ. ಅದರ ಅಡಿಯಲ್ಲಿ ರಾತ್ರಿಯೆಲ್ಲ ಬೆವರುತ್ತದೆ. ಎತ್ತರದಲ್ಲಿ ಚಪ್ಪರ ಹಾಕಿ, ನಾಲ್ಕೂ ಕಡೆ ಗಾಳಿ ಆಡಲಿ. ಮೂತಿ ಸ್ವಲ್ಪ ಎತ್ತರಿಸಿ, ಡ್ರೈನ್ ಪ್ಲಗ್ ತೆಗೆದಿಡಿ.

ಶರಾವತಿ ದಂಡೆ

ಅರ್ಥವಾಯಿತು, ಮಳೆಗಾಲದಲ್ಲಿ ಬಿಚ್ಚುವ ಕೆಲಸ ಮಾತ್ರ. ಟ್ರಾನ್ಸಮ್ ಒಳಗಿಂದ ಕತ್ತರಿಸುವುದಾ, ಹೊರಗಿಂದಲಾ? ಕತ್ತರಿಸಿದ ಮೇಲೆ ಬೋಟ್ ಆಕಾರ ಕೆಡುವುದಿಲ್ಲವೇ?

ದೋಣಿ ಅಳತೆ

ಕೆಡುತ್ತದೆ. ಹಾಗಾಗಿ ಗ್ರೈಂಡರ್ ಮುಟ್ಟುವ ಮೊದಲೇ ಆಧಾರದ ಕೆಲಸ. ಕೀಲ್ (ತಳದ ಉದ್ದದ ನಡುಗೆರೆ) ಅಡಿ ಕನಿಷ್ಠ ಮೂರು ಕಡೆ ಗಟ್ಟಿ ಮರದ ತುಂಡು ಕೊಡಿ, ಅದರಲ್ಲಿ ಒಂದು ಟ್ರಾನ್ಸಮ್‌ನ ನೇರ ಕೆಳಗೇ ಇರಬೇಕು. ಎರಡೂ ಬದಿ ಬಾಗು ಬರುವಲ್ಲಿ ಪ್ಯಾಡ್ ಕೊಡಿ. ಬೋಟ್‌ನ ಮೇಲಂಚಿಗೆ ಅಡ್ಡಲಾಗಿ ಎರಡು ರೀಪು ಬಿಗಿಯಿರಿ, ಒಂದು ಟ್ರಾನ್ಸಮ್‌ನಿಂದ ಒಂದಡಿ ಮುಂದೆ, ಇನ್ನೊಂದು ನಡುವೆ. ಆಮೇಲೆ ಮೂತಿಯ ನಡುಬಿಂದುವಿನಿಂದ ಟ್ರಾನ್ಸಮ್‌ನ ಎರಡೂ ಮೂಲೆಗೆ ದಾರ ಹಿಡಿದು ಅಳೆದು ಬರೆದಿಡಿ. ಎರಡೂ ಅಳತೆ ಒಂದೇ ಇರಬೇಕು. ಹೊಸ ಪ್ಲೈ ಅಂಟಿಸುವ ದಿನ ಮತ್ತೆ ಅದೇ ಅಳತೆ ನೋಡಿ.

ಜನ ಕಡೆಗಣಿಸುವ ಇನ್ನೊಂದು ಅಳತೆ ತಳದ್ದು. ಹಿಂದಿನ ಐದಡಿ ತಳ ನೇರವಾಗಿರಬೇಕು. ಉದ್ದದ ಅಲ್ಯೂಮಿನಿಯಂ ಪಟ್ಟಿ ಹಿಡಿದು ನೋಡಿ, 3 ಮಿ.ಮೀ.ಗಿಂತ ಜಾಸ್ತಿ ಸಂದು ಕಂಡರೆ ಆಧಾರ ಸರಿಮಾಡಿ. ತಳ ಹಿಂದೆ ಕೆಳಕ್ಕೆ ಬಾಗಿದ್ದರೆ ಓಡುವಾಗ ಮೂತಿ ನೀರಿಗೆ ಅದುಮುತ್ತದೆ, ಮೇಲಕ್ಕೆ ಬಾಗಿದ್ದರೆ ವೇಗದಲ್ಲಿ ಮೂತಿ ಏಳುತ್ತಾ ಬೀಳುತ್ತಾ ಕುಣಿಯುತ್ತದೆ. ನೆಲ, ಉದ್ದದ ತೊಲೆಗಳು ಇಲ್ಲದಾಗ ಬೋಟ್ ಆಧಾರದ ಆಕಾರವನ್ನೇ ಪಡೆದುಕೊಳ್ಳುತ್ತದೆ. ಹೊಸ ತೊಲೆ ಹಾಕಿ ಫೈಬರ್ ಗಟ್ಟಿಯಾದ ಮೇಲೆ ಆ ತಪ್ಪು ಶಾಶ್ವತ.

ಮ್ಯಾಟ್ ಮತ್ತು ರೆಸಿನ್

ಒಳಗಿಂದಲೇ ಮಾಡಿ. ನಿಮ್ಮದು ತೆರೆದ ಬೋಟ್, ಕೈ ಹೋಗುತ್ತದೆ. ಹೊರಗಿನ ಫೈಬರ್ ಹಾಗೇ ಉಳಿದರೆ ಅದೇ ನಿಮಗೆ ಅಚ್ಚು, ಹೊರಗಡೆ ಫಿನಿಶಿಂಗ್ ಕೆಲಸವೂ ಕಡಿಮೆ.

ಒಳಪದರವನ್ನು ಸುತ್ತ 5 ಸೆಂ.ಮೀ. ಅಂಚು ಬಿಟ್ಟು ಸರ್ಕ್ಯುಲರ್ ಗರಗಸದಲ್ಲಿ ಕೊಯ್ಯಿರಿ, ಬ್ಲೇಡಿನ ಆಳ ಒಳಪದರದಷ್ಟೇ ಇಟ್ಟುಕೊಂಡು. ಮರವನ್ನು ಉಳಿ, ಸುತ್ತಿಗೆಯಿಂದ ತೆಗೆಯಿರಿ. ಕೊಳೆತದ್ದು ಚಮಚದಲ್ಲಿ ಬರುತ್ತದೆ, ಮೂಲೆಗಳಲ್ಲಿ ಗಟ್ಟಿ ಉಳಿದದ್ದು ಪೀಡಿಸುತ್ತದೆ. ಸಬ್ಬಲು ಹಾಕಿ ಮೀಟಬೇಡಿ, ಹೊರಪದರ ಸೀಳುತ್ತದೆ. ಕೊನೆಗೆ 4 ಇಂಚು ಗ್ರೈಂಡರ್‌ಗೆ 36 ನಂಬರ್ ಫ್ಲ್ಯಾಪ್ ಡಿಸ್ಕ್ ಹಾಕಿ ಹಳೆ ಫೈಬರ್ ತಿಳಿ ಬಣ್ಣಕ್ಕೆ ಬರುವ ತನಕ ಉಜ್ಜಿ. ಹೊಳಪು ಉಳಿದ ಕಡೆ ಹೊಸ ರೆಸಿನ್ ಹಿಡಿಯುವುದಿಲ್ಲ.

ಉಜ್ಜುವ ಮೊದಲು ಅಸಿಟೋನ್ ಬಟ್ಟೆಯಲ್ಲಿ ಒರೆಸಲೇಬೇಕು. ಹಳೆ ಮೇಣ, ಎಣ್ಣೆ ಇದ್ದಲ್ಲಿ ಹಾಗೇ ಉಜ್ಜಿದರೆ ಗೀರುಗಳ ಒಳಕ್ಕೆ ಮೇಣ ತುಂಬಿಕೊಳ್ಳುತ್ತದೆ, ಆಮೇಲೆ ಎಷ್ಟು ಒರೆಸಿದರೂ ಹೋಗದು.

ಕಾಳಿ ನದಿ

ಗ್ಲಾಸ್ ಹುಡಿಯ ಬಗ್ಗೆ: ಬಟ್ಟೆ ಮಾಸ್ಕ್ ಸಾಲದು. ಉಜ್ಜುವಾಗ ಧೂಳಿನ ಫಿಲ್ಟರ್, ರೆಸಿನ್ ಹಚ್ಚುವಾಗ ರಾಸಾಯನಿಕ ಆವಿ ಹೀರುವ ಕಾರ್ಟ್ರಿಜ್, ಎರಡೂ ಸಿಕ್ಕಿಸಬಹುದಾದ ರಬ್ಬರ್ ಮಾಸ್ಕ್ ತೆಗೆದುಕೊಳ್ಳಿ. ಕನ್ನಡಕ ಪಕ್ಕದಲ್ಲೂ ಮುಚ್ಚಿರಬೇಕು. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಿನ ಸ್ನಾನ. ಬಿಸಿನೀರು ಹಾಕಿಕೊಂಡರೆ ತುರಿಕೆ ದಿನವಿಡೀ ಕಾಡುತ್ತದೆ. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಒಗೆಯಬೇಡಿ.

ಬಾವಿ ಇರುವ ಮನೆಗಳಲ್ಲಿ ಅಸಿಟೋನ್, ಉಳಿದ ರೆಸಿನ್ ನೆಲಕ್ಕೆ ಚೆಲ್ಲಬಾರದು. ಉಳಿದ ರೆಸಿನ್‌ಗೆ ಹಾರ್ಡ್‌ನರ್ ಹಾಕಿ ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ಫೈಬರ್ ತುಂಡುಗಳನ್ನು ಸುಡಬೇಡಿ, ಹೊಗೆ ವಿಷ.

ಶರಾವತಿ ದಂಡೆ

ಪ್ಲೈ, ರೆಸಿನ್, ಮ್ಯಾಟ್ ಎಷ್ಟು ಬೇಕು? ಟ್ರಾನ್ಸಮ್ ಅಗಲ ಸುಮಾರು 1.5 ಮೀಟರ್, ಎತ್ತರ 60 ಸೆಂ.ಮೀ. ಹಳೆ ಪ್ಲೈ ದಪ್ಪ 38 ಮಿ.ಮೀ. ಇತ್ತು.

ಮ್ಯಾಟ್ ಮತ್ತು ರೆಸಿನ್

19 ಮಿ.ಮೀ.ಯ ಎರಡು ಪದರ. 8×4 ಅಡಿಯ ಒಂದೇ ಹಾಳೆ ಸಾಕು. 4 ಅಡಿ ಅಂದರೆ 122 ಸೆಂ.ಮೀ., ಅದರಲ್ಲಿ 60ರ ಎರಡು ತುಂಡು ಒಂದರ ಪಕ್ಕ ಒಂದು ಬರುತ್ತದೆ, ಉಳಿದ ಮೂರಡಿಯಲ್ಲಿ ಮೂಲೆ ಆಧಾರಗಳೂ ಆಗುತ್ತವೆ. ಅಂಗಡಿಯಲ್ಲಿ ಮರೈನ್ ಎಂದು ಹೇಳಿದ್ದನ್ನೆಲ್ಲ ನಂಬಬೇಡಿ, ಹಾಳೆಯ ಮೇಲೆ ಐಎಸ್ 710 ಮುದ್ರೆ ನೋಡಿ. ಐಎಸ್ 303 ಅಡುಗೆಮನೆ ಕಪಾಟಿಗೆ ಸರಿ, ಇದಕ್ಕಲ್ಲ. ಅಂಚು ನೋಡಿ, ಪದರಗಳ ನಡುವೆ ಪೊಳ್ಳು ಕಂಡರೆ ಬೇರೆ ಹಾಳೆ ಕೇಳಿ.

ಲ್ಯಾಮಿನೇಟ್ ಹೀಗೆ: 450 ಗ್ರಾಂ ಮ್ಯಾಟ್, 600 ಗ್ರಾಂ ರೋವಿಂಗ್ (ನೇಯ್ದ ಗಾಜಿನ ಬಟ್ಟೆ), ಮ್ಯಾಟ್, ರೋವಿಂಗ್, ಮ್ಯಾಟ್; ಗ್ರಾಂ ಅಂದರೆ ಚದರ ಮೀಟರಿನ ತೂಕ. ಒಟ್ಟು ಐದು ಪದರ, ದಪ್ಪ ಸುಮಾರು 4.5 ಮಿ.ಮೀ. ಬದಿ ಮತ್ತು ತಳದ ಮೇಲೆ ಮೊದಲ ಪದರ 10 ಸೆಂ.ಮೀ. ಹತ್ತಲಿ, ಮುಂದಿನದು ಪ್ರತಿ ಸಲ 3 ಸೆಂ.ಮೀ. ಜಾಸ್ತಿ. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹೋದರೆ ಒಂದೇ ಗೆರೆಯಲ್ಲಿ ಭಾರ ಬೀಳುವುದಿಲ್ಲ. ಅಂಚು ಸೇರಿ ಪದರಕ್ಕೆ ಸರಾಸರಿ 1.5 ಚದರ ಮೀಟರ್ ಹಿಡಿಯಿರಿ.

ಲೆಕ್ಕ: ಮ್ಯಾಟ್ 3 × 1.5 × 450 ಗ್ರಾಂ, ಸುಮಾರು 2 ಕಿಲೋ. ರೋವಿಂಗ್ 2 × 1.5 × 600, 1.8 ಕಿಲೋ. ಮ್ಯಾಟ್ ತನ್ನ ತೂಕದ ಎರಡೂಕಾಲು ಪಟ್ಟು ರೆಸಿನ್ ಕುಡಿಯುತ್ತದೆ, ರೋವಿಂಗ್ ತನ್ನಷ್ಟೇ. ಅಲ್ಲಿಗೆ ಆರೂವರೆ ಕಿಲೋ, ವ್ಯರ್ಥ ಸೇರಿ 8 ಕಿಲೋ ತನ್ನಿ. ಐಸೋ ರೆಸಿನ್ (ಪಾಲಿಯೆಸ್ಟರಿನ ಮೇಲು ದರ್ಜೆ) ಕೇಳಿ. ಸಾಮಾನ್ಯ ಜಿಪಿ ರೆಸಿನ್‌ಗಿಂತ ಬೆಲೆ ಹೆಚ್ಚು, ಆದರೆ ನೀರು ತಡೆಯುವುದು ಅದೇ.

ದೋಣಿ ಅಳತೆ

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಮರಕ್ಕೆ ಪಾಲಿಯೆಸ್ಟರ್ ಅಂಟು ದುರ್ಬಲ, ಗಟ್ಟಿಯಾದ ಹಳೆ ಫೈಬರಿಗೂ ಅಷ್ಟಕ್ಕಷ್ಟೇ. ಗಟ್ಟಿಯಾಗುವಾಗ ಪಾಲಿಯೆಸ್ಟರ್ ಕುಗ್ಗುತ್ತದೆ, ಆ ಎಳೆತ ಅಂಟಿನ ಮೇಲೇ ಬೀಳುತ್ತದೆ. ರಿಪೇರಿಯಲ್ಲಿ ಎಲ್ಲವೂ ಹಳೆಯದಕ್ಕೆ ಹೊಸದನ್ನು ಅಂಟಿಸುವ ಕೆಲಸ. ಹಾಗಾಗಿ ಟ್ರಾನ್ಸಮ್ ಮಟ್ಟಿಗಾದರೂ ಇಪಾಕ್ಸಿ ಬಳಸಿ. ದುಬಾರಿ ಹೌದು, ಆದರೆ ಇಪಾಕ್ಸಿಗೆ ರೋವಿಂಗ್ ಮಾತ್ರ ಸಾಕು: 600 ಗ್ರಾಂನ ನಾಲ್ಕು ಪದರಕ್ಕೆ ಬಟ್ಟೆ 3.6 ಕಿಲೋ, ಇಪಾಕ್ಸಿ ಹೆಚ್ಚುಕಡಿಮೆ ಅಷ್ಟೇ. ಪ್ಲೈಗೆ ಎರಡು ಕೋಟ್ ಮತ್ತು ಅಂಟಿಗೆ ಇನ್ನೊಂದು 3 ಕಿಲೋ.

ಸಾಮಾನ್ಯ ಮ್ಯಾಟನ್ನು ಇಪಾಕ್ಸಿಯೊಡನೆ ಬಳಸಬೇಡಿ. ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ. ಇಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ಗಡುಸಾಗೇ ಉಳಿದು ಮೂಲೆಗಳಲ್ಲಿ ಎದ್ದು ನಿಲ್ಲುತ್ತದೆ.

ಮ್ಯಾಟ್ ಮತ್ತು ರೆಸಿನ್

ಅಂಟಿನ ವಿಷಯದಲ್ಲಿ ನೀವು ಹೇಳುವುದು ಸರಿ, ಒಪ್ಪುತ್ತೇನೆ. ಆದರೆ ಕರಾವಳಿಯ ಬಹುತೇಕ ಬೋಟ್‌ಗಳು ಪಾಲಿಯೆಸ್ಟರ್‌ನಲ್ಲೇ ಆಗಿವೆ, ಚೆನ್ನಾಗಿ ಉಜ್ಜಿ ಒಣಗಿಸಿದರೆ ಬಾಳುತ್ತವೆ. ದುಡ್ಡಿದ್ದರೆ ಇಪಾಕ್ಸಿ ಮಾಡಲಿ. ಎರಡನ್ನೂ ಬೆರೆಸುವವರು ಒಂದು ಮಾತು ನೆನಪಿಡಬೇಕು: ಪಾಲಿಯೆಸ್ಟರ್ ಮೇಲೆ ಇಪಾಕ್ಸಿ ಕೂರುತ್ತದೆ, ಇಪಾಕ್ಸಿ ಮೇಲೆ ಪಾಲಿಯೆಸ್ಟರ್ ಅಥವಾ ಜೆಲ್‌ಕೋಟ್ ಸರಿಯಾಗಿ ಕೂರುವುದಿಲ್ಲ. ಟ್ರಾನ್ಸಮ್ ಒಳಗೆ ಇಪಾಕ್ಸಿ ಮಾಡಿದರೆ ಆ ಜಾಗಕ್ಕೆ ಜೆಲ್‌ಕೋಟ್ ಬದಲು ಎರಡು ಡಬ್ಬಿಯದನ್ನು ಬೆರೆಸಿ ಬಳಸುವ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಯಿರಿ.

ಪ್ಲೈ ಅಂಟಿಸುವಾಗ ಆಗುವ ದೊಡ್ಡ ತಪ್ಪು ತೆಳ್ಳಗಿನ ರೆಸಿನ್ ಸವರಿ ಬಿಗಿಯುವುದು. ಹೊರಪದರದ ಒಳಮೈ ಎಂದೂ ಸಮತಟ್ಟಾಗಿರುವುದಿಲ್ಲ. ರೆಸಿನ್‌ಗೆ ಏರೋಸಿಲ್ ಪುಡಿ ಹಾಕಿ ಗಟ್ಟಿ ಚಟ್ನಿಯಷ್ಟು ದಪ್ಪ ಮಾಡಿ, ಹಲ್ಲಿರುವ ಕರಣೆಯಲ್ಲಿ ಎರಡೂ ಮೈಗೆ ಬಳಿಯಿರಿ. ಎಂಜಿನ್ ಬೋಲ್ಟ್ ತೂತುಗಳಲ್ಲೇ ಮೇಣ ಹಚ್ಚಿದ ಬೋಲ್ಟ್ ಹಾಕಿ, ಒಳಗೆ ಹೊರಗೆ ದಪ್ಪ ರೀಪು ಕೊಟ್ಟು ಬಿಗಿಯಿರಿ. ಸುತ್ತಲೂ ಅಂಟು ಹೊರಗೆ ಒಸರಬೇಕು, ಒಸರಿದ ಮೇಲೆ ನಿಲ್ಲಿಸಿ. ಇನ್ನೂ ಬಿಗಿದರೆ ಅಂಟೆಲ್ಲ ಹೊರಗೆ ಹೋಗಿ ಒಳಗೆ ಬರಿದಾಗುತ್ತದೆ. ಒಸರಿದ್ದನ್ನೇ ಮೂಲೆಗೆ ಬಾಟಲಿಯ ಬೆನ್ನಲ್ಲಿ ಸವರಿ ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಮ್ಯಾಟ್ ಬಾಗುವುದಿಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ.

ಕೋಡಿ ಬೆಂಗ್ರೆ

ಪಾಲಿಯೆಸ್ಟರಿಗೆ ಹಾರ್ಡ್‌ನರ್ ಪ್ರಮಾಣ ಹೇಳಿ ಅಣ್ಣ. ಕೆಲವರು ಮುಚ್ಚಳದ ಲೆಕ್ಕ ಹೇಳುತ್ತಾರೆ, ಕೆಲವರು ಹನಿ ಲೆಕ್ಕ.

ಮ್ಯಾಟ್ ಮತ್ತು ರೆಸಿನ್

ಎರಡೂ ಬೇಡ. ತಕ್ಕಡಿ ಮತ್ತು ಸಿರಿಂಜ್. ನಮ್ಮ 30 ಡಿಗ್ರಿ ಸೆಖೆಗೆ ತೂಕದಲ್ಲಿ 1% ಸಾಕು, ಅಂದರೆ 500 ಗ್ರಾಂ ರೆಸಿನ್‌ಗೆ 5 ಗ್ರಾಂ, ಸಿರಿಂಜ್‌ನಲ್ಲಿ ನಾಲ್ಕೂವರೆ ಮಿ.ಲೀ. ಬೇಗ ಗಟ್ಟಿಯಾಗಲಿ ಎಂದು 2%ಗಿಂತ ಮೇಲೆ ಹೋಗಬೇಡಿ. ನಿಧಾನವಾಗಲಿ ಎಂದು ಮುಕ್ಕಾಲು ಪರ್ಸೆಂಟಿಗಿಂತ ಕೆಳಗೂ ಇಳಿಸಬೇಡಿ, ಅದು ಎಂದೂ ಪೂರ್ತಿ ಗಟ್ಟಿಯಾಗದೆ ರಬ್ಬರಿನಂತೆ ಉಳಿಯುತ್ತದೆ. ಕೆಲಸದ ದಿನ ಬೆಳಿಗ್ಗೆ 100 ಗ್ರಾಂನಲ್ಲಿ ಪರೀಕ್ಷೆ ಮಾಡಿ ಎಷ್ಟು ನಿಮಿಷಕ್ಕೆ ಕಟ್ಟುತ್ತದೆ ನೋಡಿಕೊಳ್ಳಿ.

ಒಂದು ಸಲಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಕಲಸಬೇಡಿ. ಆಳದ ಡಬ್ಬಿಯಲ್ಲಿ ರೆಸಿನ್ ತನ್ನ ಬಿಸಿಗೆ ತಾನೇ ಕುದಿದು ಹೊಗೆ ಬರುತ್ತದೆ. ಬಿಸಿಯಾಗಲು ಶುರುವಾದರೆ ಅಗಲ ತಟ್ಟೆಗೆ ಸುರಿದು ಬಯಲಲ್ಲಿಡಿ. ಐದೂ ಪದರವನ್ನು ಒಂದೇ ಉಸಿರಿಗೆ ಹಾಕಬೇಡಿ. ಎರಡು ಅಥವಾ ಮೂರು ಹಾಕಿ, ಬಿಸಿ ಇಳಿದು ಇನ್ನೂ ಅಂಟಂಟಾಗಿರುವಾಗಲೇ ಮುಂದಿನದು. ಮರುದಿನಕ್ಕೆ ಬಿಟ್ಟರೆ ಉಜ್ಜಿಯೇ ಮುಂದುವರಿಯಬೇಕು.

ಇದು ಎಲ್ಲಕ್ಕಿಂತ ಮುಖ್ಯ: ಅಂಗಡಿಯವರು ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಬೇರೆ, ಹಾರ್ಡ್‌ನರ್ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಇವೆರಡೂ ನೇರವಾಗಿ ಒಂದಕ್ಕೊಂದು ತಾಗಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಮೊದಲು ರೆಸಿನ್‌ಗೆ ಕೋಬಾಲ್ಟ್ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಎರಡಕ್ಕೂ ಬೇರೆ ಬೇರೆ ಸಿರಿಂಜ್. ಬಾಟಲಿಗಳನ್ನು ಬೇರೆ ಬೇರೆ ಜಾಗದಲ್ಲಿ ನೆರಳಲ್ಲಿಡಿ. ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ತಕ್ಷಣ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಗಂಗೊಳ್ಳಿ ಕಡಲು

ನೆಲದ ಅಡಿ ಏನಿದೆ ಎಂದು ಇನ್ನೂ ಯಾರೂ ಕೇಳಲಿಲ್ಲ. ಬೋಟ್ ಮುಳುಗದಿರಲೆಂದು ಹಳದಿ ಫೋಮ್ ತುಂಬಿರುತ್ತದೆ, ಅಲ್ಲವೇ? ಅದರಲ್ಲಿ ಹತ್ತು ಸೆಂ.ಮೀ. ಘನದ ಒಂದು ತುಂಡು ಕೊಯ್ದು ತೂಗಿ. ಒಣ ಪಿಯು ಫೋಮ್ ಆದರೆ 30–40 ಗ್ರಾಂ ಇರಬೇಕು. ನೂರು ದಾಟಿದರೆ ಅದು ನೀರು ಕುಡಿದಿದೆ. ಒಳಗಿನ ನೀರು ಬಿಸಿಲಿಗೆ ಇಟ್ಟರೆ ಹೋಗುವುದಿಲ್ಲ, ಕಿತ್ತು ಹಾಕುವುದೇ.

ಶರಾವತಿ ದಂಡೆ

ತೂಗಿದೆ, 420 ಗ್ರಾಂ! ನೆಲ ಪೂರ್ತಿ ಕೀಳುತ್ತಿದ್ದೇನೆ. ಬದಲಿಗೆ ಥರ್ಮೋಕೋಲ್ ತುಂಬಬಹುದೇ? ಎಷ್ಟು ಬೇಕು?

ದೋಣಿ ಅಳತೆ

ಥರ್ಮೋಕೋಲ್ ಬೇಡ. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಕರಗುತ್ತದೆ, ಪೆಟ್ರೋಲ್ ಸೋರಿದರೂ ಕರಗುತ್ತದೆ. ಪಿಯು ಫೋಮ್ ಹಾಳೆಗಳನ್ನು ತಂದು ದಪ್ಪ ಪಾಲಿಥೀನ್‌ನಲ್ಲಿ ಸುತ್ತಿ ಇಡಿ. ಸುರಿಯುವ ಫೋಮ್‌ಗಿಂತ ಇದು ಒಳ್ಳೆಯದು, ಅಡಿಯಲ್ಲಿ ನೀರು ಹರಿಯಲು ದಾರಿ ಉಳಿಯುತ್ತದೆ, ಬೇಕಾದಾಗ ತೆಗೆದು ನೋಡಬಹುದು.

ಪ್ರಮಾಣ: ಒಂದು ಲೀಟರ್ ಫೋಮ್ ನೀರಲ್ಲಿ ಸುಮಾರು 970 ಗ್ರಾಂ ಎತ್ತುತ್ತದೆ. ನಿಮ್ಮ ಅಳತೆಯ ಬೋಟ್‌ನಲ್ಲಿ ಫೈಬರ್ 250 ಕಿಲೋ ಇದೆ ಎಂದುಕೊಂಡರೆ ಮುಳುಗಿದಾಗ ಅದರ ಭಾರ 90 ಕಿಲೋ ಆಸುಪಾಸು, ಯಾಕೆಂದರೆ ಫೈಬರ್ ನೀರಿನ ಒಂದೂವರೆ ಪಟ್ಟು ಮಾತ್ರ ಭಾರ. ಎಂಜಿನ್, ಬ್ಯಾಟರಿ ಸೇರಿ 80 ಹಿಡಿಯಿರಿ. ಹಿಡಿದುಕೊಂಡು ತೇಲುವ ಜನರಿಗಾಗಿ ಇನ್ನೊಂದು 80. ಅಲ್ಲಿಗೆ ಸುಮಾರು 260 ಲೀಟರ್ ಫೋಮ್. ಪೂರ್ತಿ ನೆಲದಡಿ ತುಂಬಬೇಡಿ. ಅರ್ಧಕ್ಕಿಂತ ಜಾಸ್ತಿ ಎರಡೂ ಬದಿಯ ಮೇಲಂಚಿನ ಅಡಿ ಇರಲಿ. ಎಲ್ಲ ಫೋಮ್ ಕೆಳಗಿದ್ದರೆ ನೀರು ತುಂಬಿದ ಬೋಟ್ ಮಗುಚಿ ತಳ ಮೇಲಾಗಿ ತೇಲುತ್ತದೆ.

ಉದ್ದದ ತೊಲೆಗಳನ್ನು ತಳದ ಫೈಬರಿಗೆ ನೇರ ಒತ್ತಿ ಕೂರಿಸಬೇಡಿ. 5 ಮಿ.ಮೀ. ಸಂದು ಬಿಟ್ಟು, ಏರೋಸಿಲ್ ಪೇಸ್ಟ್ ಮೇಲೆ ಕೂರಿಸಿ. ಮರದ ಚೂಪು ಅಂಚು ತಳಕ್ಕೆ ತಾಗಿದಲ್ಲಿ ಅಲೆಯ ಪೆಟ್ಟಿಗೆ ಹೊರಗಡೆ ಉದ್ದ ಬಿರುಕು ಏಳುತ್ತದೆ. ನೀರು ಹರಿಯುವ ತೂತುಗಳಿಗೆ ಪಿವಿಸಿ ಪೈಪ್ ತುಂಡು ಇಟ್ಟು ಅದರ ಸುತ್ತ ಫೈಬರ್ ಮಾಡಿ, ಬರಿಯ ಮರದ ಅಂಚು ಎಲ್ಲೂ ಉಳಿಯಬಾರದು. ನೆಲದ ಪ್ಲೈ 12 ಮಿ.ಮೀ.: ಅಡಿಗೆ ಒಂದು ಮ್ಯಾಟ್, ಮೇಲೆ ಎರಡು. ಅಡಿಯ ಮ್ಯಾಟ್ ಬಿಟ್ಟು ಉಳಿಸುವ ದುಡ್ಡು ಮುಂದೆ ಇಡೀ ನೆಲವನ್ನೇ ತಿನ್ನುತ್ತದೆ.

ಕಾಳಿ ನದಿ

ಜೆಲ್‌ಕೋಟ್ ಬಿರುಕುಗಳನ್ನು ಓದಲು ಕಲಿಯಿರಿ. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದರೆ ಎಲ್ಲೋ ಬಡಿದಿದೆ, ಅಲ್ಲಿ ತ್ರಿಕೋನ ಸ್ಕ್ರೇಪರ್‌ನಿಂದ ಬಿರುಕನ್ನು ಅಗಲಿಸಿ ಜೆಲ್‌ಕೋಟ್ ತುಂಬಿದರೆ ಆಯಿತು. ಸಾಲಾಗಿ ಒಂದರ ಪಕ್ಕ ಒಂದು ಇದ್ದರೆ ಆ ಜಾಗ ಬಾಗುತ್ತಿದೆ. ಒಳಗೆ ಬಲ ಕೊಡದೆ ಮೇಲೆ ಎಷ್ಟು ತುಂಬಿದರೂ ಅದೇ ಗೆರೆ ಮತ್ತೆ ಬರುತ್ತದೆ.

ಬಿರುಕು ಫೈಬರಿನೊಳಕ್ಕೂ ಹೋಗಿದ್ದರೆ ಸುತ್ತ ಇಳಿಜಾರಾಗಿ ಉಜ್ಜಬೇಕು, ದಪ್ಪದ 12 ಪಟ್ಟು ಅಗಲಕ್ಕೆ. 6 ಮಿ.ಮೀ. ದಪ್ಪಕ್ಕೆ ಸುತ್ತಲೂ 7 ಸೆಂ.ಮೀ. ಚಿಕ್ಕ ಗುಳಿ ತೋಡಿ ಪುಟ್ಟಿ ತುಂಬಿದರೆ ಅದು ಬಿರಡೆಯಂತೆ ಕೂತಿರುತ್ತದೆ, ಬಲ ಇರುವುದಿಲ್ಲ. ಕಾರಿನ ಪುಟ್ಟಿಯನ್ನು ನೀರ ಮಟ್ಟದ ಕೆಳಗೆ ಎಂದೂ ಬಳಸಬೇಡಿ, ಅದರಲ್ಲಿರುವ ಟಾಲ್ಕ್ ನೀರು ಹೀರುತ್ತದೆ.

ತಳದಲ್ಲಿ ಬೊಕ್ಕೆ ಇದ್ದು, ಒಡೆದಾಗ ವಿನೆಗರ್ ವಾಸನೆಯ ದ್ರವ ಬಂದರೆ ರೆಸಿನೇ ನೀರಿಗೆ ಕೆಡಲು ಶುರುವಾಗಿದೆ. ಎಲ್ಲ ಬೊಕ್ಕೆ ಉಜ್ಜಿ ತೆರೆದು, ಸಿಹಿನೀರಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ ಇಪಾಕ್ಸಿ ಕೋಟ್ ಕೊಡಬೇಕು.

ಕೊನೆಯ ಜೆಲ್‌ಕೋಟ್ ಗಾಳಿಗೆ ತೆರೆದಿದ್ದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಮೇಣದ ದ್ರಾವಣ ಬೆರೆಸಿ, ಅಥವಾ ಸಣ್ಣ ಜಾಗವಾದರೆ ಪ್ಲಾಸ್ಟಿಕ್ ಹಾಳೆ ಒತ್ತಿ ಮುಚ್ಚಿ. ಗಟ್ಟಿಯಾದ ಮೇಲೆ ನೀರು ಹಾಕಿ 400, 800, 1200 ನಂಬರ್ ಪೇಪರ್, ಆಮೇಲೆ ಹೊಳಪಿನ ಕಾಂಪೌಂಡ್. ನಿಮ್ಮ ಪುಡಿ ಬಿಡುವ ಜೆಲ್‌ಕೋಟ್‌ಗೆ ಈ ಉಜ್ಜುವುದು, ಹೊಳಪು ಕೊಡುವುದಷ್ಟೇ ಸಾಕಾಗಬಹುದು. ಒಂದಡಿ ಜಾಗದಲ್ಲಿ ಮಾಡಿ ನೋಡಿ, ಆಮೇಲೆ ಬಣ್ಣದ ಮಾತು.

ಕೋಡಿ ಬೆಂಗ್ರೆ

ಬೋಲ್ಟ್‌ಗಳಿಗೆ ಎಸ್‌ಎಸ್ 304 ಸಾಕಾ?

ದೋಣಿ ಅಳತೆ

ಉಪ್ಪುನೀರಿಗೆ 316. ಬೋಲ್ಟ್‌ಗಿಂತ ತೂತು ಮುಖ್ಯ. 12 ಮಿ.ಮೀ. ಬೋಲ್ಟ್‌ಗೆ ಮೊದಲು 18 ಮಿ.ಮೀ. ತೂತು ಕೊರೆದು, ಗಟ್ಟಿ ಇಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ 12ರ ತೂತು. ಆಗ ಬೋಲ್ಟ್ ಪಕ್ಕ ನೀರು ಇಳಿದರೂ ಮರ ಸಿಗುವುದಿಲ್ಲ. ಹಳೆ ಟ್ರಾನ್ಸಮ್ ಕೊಳೆತದ್ದೇ ಈ ಒಂದು ಕೆಲಸ ಇಲ್ಲದೆ. ಡ್ರೈನ್ ಪ್ಲಗ್ ತೂತಿಗೂ, ಲೈಟ್ ಸ್ಕ್ರೂವಿಗೂ ಇದೇ ರೀತಿ. ಸೀಲ್ ಮಾಡಲು ಮರೈನ್ ಪಿಯು ಸೀಲಂಟ್ ಹಾಕಿ, ಸಿಲಿಕೋನ್ ಬೇಡ. ಸಿಲಿಕೋನ್ ತಾಗಿದ ಮೈಗೆ ಮುಂದೆ ಬಣ್ಣವೂ ಹಿಡಿಯದು, ರೆಸಿನೂ ಹಿಡಿಯದು.

ಶರಾವತಿ ದಂಡೆ

ಎಂಜಿನ್ ಬಗ್ಗೆ ಓಬಿಎಂ ಬೆಂಚ್ ಅವರು ಹೇಳಬೇಕು. ವರ್ಷಗಟ್ಟಲೆ ಓಡಿಲ್ಲ. ಟ್ಯಾಂಕ್ ಕೂಡ ಬೋಟ್ ಜೊತೆ ಬಂದ ಹಳೆ ಫೈಬರ್ ಟ್ಯಾಂಕೇ.

ಓಬಿಎಂ ಬೆಂಚ್

ಮೊದಲು ಟ್ಯಾಂಕ್ ಬದಲಿಸಿ. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥೆನಾಲ್ ಸೇರಿದ ಪೆಟ್ರೋಲ್. ಎಥೆನಾಲ್ ಹಳೆ ಪಾಲಿಯೆಸ್ಟರ್ ಟ್ಯಾಂಕ್‌ನ ರೆಸಿನನ್ನು ಮೆಲ್ಲಗೆ ಕರಗಿಸುತ್ತದೆ, ಅದು ಎಂಜಿನ್ ಒಳಗೆ ಹೋಗಿ ಕಪ್ಪು ಅಂಟಾಗುತ್ತದೆ. ಪ್ಲಾಸ್ಟಿಕ್‌ನ ಬಿಡಿ ಟ್ಯಾಂಕ್ ಇಡಿ. ಹೋಸ್, ಕೈಯಲ್ಲಿ ಅದುಮುವ ಪ್ರೈಮರ್ ಬಲ್ಬ್, ಕಾರ್ಬೊರೇಟರ್ ರಬ್ಬರ್ ಎಲ್ಲ ಹೊಸದು.

ಟೂ ಸ್ಟ್ರೋಕ್‌ಗೆ ಇನ್ನೊಂದು ಅಪಾಯ ಇದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಬೇರೆಯಾಗಿ ಟ್ಯಾಂಕ್ ತಳಕ್ಕೆ ಇಳಿಯುತ್ತವೆ. ಪೈಪ್ ಎಳೆಯುವುದು ತಳದಿಂದಲೇ. ಆ ಪದರದಲ್ಲಿ ಆಯಿಲ್ ಇರುವುದಿಲ್ಲ, ಪಿಸ್ಟನ್ ಜಾಮ್ ಆಗುತ್ತದೆ. ಪೆಟ್ರೋಲ್, ಆಯಿಲ್ ಬೇಕಾದಷ್ಟೇ ಕಲಸಿ, ತಿಂಗಳಿಗಿಂತ ಹಳೆಯದನ್ನು ಬಳಸಬೇಡಿ. ಮ್ಯಾನ್ಯುಯಲ್‌ನಲ್ಲಿ 50:1 ಎಂದಿದ್ದರೆ 10 ಲೀಟರ್‌ಗೆ 200 ಮಿ.ಲೀ., ಟಿಸಿ-ಡಬ್ಲ್ಯೂ3 ದರ್ಜೆಯ ಔಟ್‌ಬೋರ್ಡ್ ಆಯಿಲ್. ಬೈಕ್ ಟೂ-ಟಿ ಆಯಿಲ್ ಬೇರೆಯೇ, ಅದನ್ನು ಹಾಕಬೇಡಿ. ಕೆಲಸ ಮುಗಿದ ದಿನ ಹೋಸ್ ಕಳಚಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವ ತನಕ ಓಡಿಸಿ.

ಸ್ಟಾರ್ಟ್ ಮಾಡುವ ಮೊದಲು ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರ್‌ಗಳಿಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಟ್ಟು ಕೈಯಲ್ಲಿ ತಿರುಗಿಸಿ. ಕಂಪ್ರೆಷನ್ ನೋಡಿ, ಸಿಲಿಂಡರ್‌ಗಳ ನಡುವೆ 10–15%ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸಿಲಿಂಡರ್ ಹೆಡ್ ಬಿಚ್ಚಲೇಬೇಕು. ನೀರಿನ ಪಂಪ್‌ನ ರಬ್ಬರ್ ಇಂಪೆಲ್ಲರ್ ನೋಡಲು ಚೆನ್ನಾಗಿದ್ದರೂ ಬದಲಿಸಿ, ವರ್ಷಗಟ್ಟಲೆ ಬಾಗಿ ಕೂತ ರೆಕ್ಕೆ ಮತ್ತೆ ನೇರವಾಗುವುದಿಲ್ಲ. ಕೆಳಗಿನ ಗೇರ್ ಆಯಿಲ್ ಹಾಲಿನಂತೆ ಬಂದರೆ ಸೀಲ್ ಹೋಗಿದೆ. ಪ್ರೊಪೆಲ್ಲರ್ ಕಳಚಿ ನೋಡಿ, ಹೆಚ್ಚಿನ ಸಲ ಶಾಫ್ಟ್‌ಗೆ ಸುತ್ತಿಕೊಂಡ ತಂಗೂಸಿ ನೂಲೇ ಸೀಲನ್ನು ಕೊಯ್ದಿರುತ್ತದೆ. ಆನೋಡ್ (ಎಂಜಿನ್ ಬದಲು ತಾನು ಸವೆಯುವ ಲೋಹದ ತುಂಡು) ಅರ್ಧಕ್ಕಿಂತ ಸವೆದಿದ್ದರೆ ಹೊಸದು ಹಾಕಿ. ಅಳಿವೆಯ ಅರೆ ಉಪ್ಪುನೀರಿಗೆ ಸತುವಿಗಿಂತ ಅಲ್ಯೂಮಿನಿಯಂ ಆನೋಡ್ ಒಳ್ಳೆಯದು. ಅದಕ್ಕೆ ಬಣ್ಣ ಬಳಿಯಬೇಡಿ.

ಎಂಜಿನ್ ಕೂರಿಸುವುದು ಟ್ರಾನ್ಸಮ್ ಫೈಬರ್ ಹಾಕಿ ಒಂದು ವಾರ ಕಳೆದ ಮೇಲೆ. ಲಾಂಗ್ ಶಾಫ್ಟ್‌ಗೆ ಎಂಜಿನ್ ಕೂರುವಲ್ಲಿ ಟ್ರಾನ್ಸಮ್ ಎತ್ತರ 20 ಇಂಚು ಇರಬೇಕು. ಪ್ರೊಪೆಲ್ಲರ್ ಮೇಲಿರುವ ಅಡ್ಡ ಪ್ಲೇಟ್ ತಳದ ಸಮಕ್ಕೆ, ಅಥವಾ ಒಂದಿಂಚು ಕೆಳಗೆ ಬರಲಿ. ಇನ್ನೂ ಮೇಲಿದ್ದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿಯುತ್ತದೆ.

ಗಂಗೊಳ್ಳಿ ಕಡಲು

ನೀರಿಗಿಳಿಸುವ ಮೊದಲು ಬಂದರು ಇಲಾಖೆಯಲ್ಲಿ ನೋಂದಣಿ ವಿಚಾರಿಸಿ. ಎಂಜಿನ್ ಇರುವ ಒಳನಾಡು ಬೋಟ್‌ಗಳಿಗೆ 2021ರ ಒಳನಾಡು ಹಡಗು ಕಾಯ್ದೆ ಅನ್ವಯಿಸುತ್ತದೆ. ಮೀನುಗಾರಿಕೆಗೆ ಬಳಸುವುದಾದರೆ ಮೀನುಗಾರಿಕೆ ಇಲಾಖೆಯ ನೋಂದಣಿ.

ಇನ್ನೊಂದು, ಸೋರುವಿಕೆ ನೋಡಲು ಬೋಟ್ ನೀರಿಗೇ ಹೋಗಬೇಕೆಂದಿಲ್ಲ. ಚಪ್ಪರದಲ್ಲೇ, ಆಧಾರ ಗಟ್ಟಿಯಿರುವಾಗ, ನೂರು ಲೀಟರ್ ನೀರು ಒಳಗೆ ಹಾಕಿ ಒಂದು ರಾತ್ರಿ ಬಿಡಿ. ಹೊರಗೆ ತಳಕ್ಕೆ, ಟ್ರಾನ್ಸಮ್ ಕೆಳಂಚಿಗೆ ಸೀಮೆಸುಣ್ಣದ ಪುಡಿ ಸವರಿಟ್ಟರೆ ಒಂದು ಹನಿ ಇಳಿದರೂ ಗೆರೆ ಕಾಣುತ್ತದೆ.

ಶರಾವತಿ ದಂಡೆ

ಎಲ್ಲರಿಗೂ ಧನ್ಯವಾದ. ಈಗ ನೆಲ, ಫೋಮ್, ಟ್ರಾನ್ಸಮ್ ಮರ ಕೀಳುವುದು, ಎಂಜಿನ್ ಬೆಂಚಿಗೆ. ರೆಸಿನ್ ಡಿಸೆಂಬರ್‌ಗೆ. ಟ್ರಾನ್ಸಮ್‌ಗೆ ಇಪಾಕ್ಸಿ, ನೆಲಕ್ಕೆ ಐಸೋ ಪಾಲಿಯೆಸ್ಟರ್ ಎಂದು ತೀರ್ಮಾನ. ನೆಲದ ಅಂಚು ಟ್ರಾನ್ಸಮ್‌ಗೆ ಸೇರುವಲ್ಲಿ ಯಾವುದು ಮೊದಲು?

ಮ್ಯಾಟ್ ಮತ್ತು ರೆಸಿನ್

ತೊಲೆ ಮತ್ತು ನೆಲವನ್ನು ಟ್ರಾನ್ಸಮ್‌ನಿಂದ ಒಂದಡಿ ದೂರದ ತನಕ ಪಾಲಿಯೆಸ್ಟರ್‌ನಲ್ಲಿ ಮುಗಿಸಿ. ಆಮೇಲೆ ಟ್ರಾನ್ಸಮ್ ಇಪಾಕ್ಸಿ, ಕೊನೆಗೆ ಆ ಒಂದಡಿಯ ಜೋಡಣೆಯೂ ಇಪಾಕ್ಸಿಯಲ್ಲೇ, ಪಾಲಿಯೆಸ್ಟರನ್ನು 40 ನಂಬರ್ ಪೇಪರಿನಲ್ಲಿ ಉಜ್ಜಿ ಅದರ ಮೇಲೆ ಹತ್ತಿಸಿ. ಅಲ್ಲಿ ತನಕ ಹೊರಪದರ ಬಾಗದ ಹಾಗೆ ಟ್ರಾನ್ಸಮ್‌ಗೆ ಹೊರಗಡೆಯಿಂದ ದಪ್ಪ ಹಲಗೆ ಆನಿಸಿ ಬಿಗಿದಿಡಿ.